ಸಕಲವೂ ಸಿದ್ಧ, ಮುಂದಿನ ಭಾನುವಾರ

"ಇನ್ನು ಮೇಲೆ ಈ ಮನೇಲಿ ಟಿವಿ ಮುಂದೆ ಕೂತು ಯಾರೂ ಕಾಯೋ ಹಾಗಿಲ್ಲ!" ಎಂದು ಸುಧಾಕರ್ ಯುಗಾದಿಯ ದಿನ ಬೇವುಬೆಲ್ಲ ಅಗಿಯುತ್ತಲೇ ಘೋಷಿಸಿದ. "ಬೆನ್ನು ಸೋಫಾಕ್ಕೆ ತಾಗೋ ಮುಂಚೆ ಪರದೆ ಬೆಳಗಬೇಕು! ಹೊತ್ತಿಲ್ಲ, ಗೊತ್ತಿಲ್ಲ, ಸದಾ ಸಿದ್ಧ!"

ಹೆಂಡತಿ ಪವಿತ್ರ ಹೆಂಚಿನ ಮೇಲಿನ ಒಬ್ಬಟ್ಟನ್ನು ಮಗುಚುತ್ತ ಕೇಳಿದಳು. "ಈಗಿರೋ ಟಿವಿ ಬಟನ್ ಒತ್ತಿದ್ರೆ ಹತ್ಕೊಳ್ತದಲ್ಲಾರೀ?"

"ಅದು ಬರೀ ಟಿವಿ ಕಣೆ. ನಾನು ಹೇಳ್ತಿರೋದು ಹೋಮ್ ಥಿಯೇಟರ್ ಕಂಪ್ಯೂಟರ್!"

"ಅದ್ರಲ್ಲೂ ಇದೇ ಸೀರಿಯಲ್ಲೇ ತಾನೇ ಬರೋದು?"

ದೊಡ್ಡ ಕನಸಿನವರು ಸಣ್ಣ ಪ್ರಶ್ನೆಗಳಿಗೆ ಉತ್ತರಿಸುವುದಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ನಮ್ಮ ಸುಧಾಕರ್ ಚಾಮರಾಜನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಅವನ ಮೇಜಿನ ಮೇಲೆ ಕಡತಗಳು ವರ್ಷಗಟ್ಟಲೆ ಗೊರಕೆ ಹೊಡೆಯುತ್ತಿದ್ದರೂ ಅವುಗಳ ನಿದ್ದೆ ಕೆಡಿಸಿದವನಲ್ಲ. ಅಂಥ ಕರುಣಾಳು, ಮನೆಯ ಕಂಪ್ಯೂಟರ್ ಮಾತ್ರ ಅರೆಕ್ಷಣವೂ ಕಣ್ಣು ಮುಚ್ಚಬಾರದು ಎಂದು ಹಟಕ್ಕೆ ಬಿದ್ದ. ಟಿವಿಯ ಕೆಳಗೆ ಒಬ್ಬಟ್ಟಿನ ಡಬ್ಬದಷ್ಟು ದೊಡ್ಡ ಕಪ್ಪು ಪೆಟ್ಟಿಗೆಯೊಂದು ಬಂದು ಕೂತಿತು. ಅದರ ಪಕ್ಕದಲ್ಲಿ, ಕರೆಂಟು ಹೋದರೂ ಅದು ಮಲಗದಂತೆ ನೋಡಿಕೊಳ್ಳಲು ಒಂದು ಯುಪಿಎಸ್. ಪೆಟ್ಟಿಗೆಯ ಮುಂಭಾಗದಲ್ಲಿ ಸಣ್ಣ ನೀಲಿ ದೀಪ. ಒಳಗೆ ಸದಾ ಗುಂಯ್‌ಗುಡುವ ಫ್ಯಾನು.

ಈ ಹಟಕ್ಕೆ ಕಾರಣ ಮಲ್ಲೇಶ.

ಮಲ್ಲೇಶ, ಸುಧಾಕರ್ ಇಬ್ಬರೂ ಭೀಮನಬೀಡಿನವರು. ಒಂದೇ ಕೆರೆಯಲ್ಲಿ ಈಜು ಕಲಿತವರು, ಒಂದೇ ಮೇಷ್ಟರ ಕೈಲಿ ಏಟು ತಿಂದವರು. ಸುಧಾಕರ್ ಓದಿ ಚಾಮರಾಜನಗರ ಸೇರಿದ. ಮಲ್ಲೇಶ ಓದನ್ನು ಅದರ ಪಾಡಿಗೆ ಬಿಟ್ಟು ಗುಂಡ್ಲುಪೇಟೆಯಲ್ಲಿ ಚೆಂಡುಹೂವಿನ ಮಂಡಿ ಇಟ್ಟ. ಭಾನುವಾರ ಬಂತೆಂದರೆ ತೆರಕಣಾಂಬಿ ಮಾರ್ಗದ ಬಸ್ಸು ಹಿಡಿದು, ಸುಧಾಕರನ ತಾಯಿ ಪುಟ್ಟಸಿದ್ದಮ್ಮನ ದೇವರಿಗೆಂದು ಒಂದು ಚೀಲ ಹೂವು ಹಿಡಿದು ಬರುತ್ತಿದ್ದ. ಅವನು ಕೂರುತ್ತಿದ್ದ ಸೋಫಾದ ಮೂಲೆ ಬುಧವಾರದವರೆಗೂ ಚೆಂಡುಹೂವಿನ ವಾಸನೆ ಹೊಡೆಯುತ್ತಿತ್ತು.

ಆ ಯುಗಾದಿಗೆ ಕೆಲವು ದಿನ ಮೊದಲು ಮಲ್ಲೇಶ ಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆದು ಟೀಪಾಯಿಯ ಮೇಲಿಟ್ಟಿದ್ದ.

"ಏನ್ಲಾ ಇದು?"

"ನಮ್ಮ ನಾಟ್ಕ ಕಣ್ಲಾ! ಹಳೇ ಕ್ಯಾಸೆಟ್ಟು ಅಟ್ಟದ ಮ್ಯಾಲೆ ಸಿಕ್ತು. ಗುಂಡ್ಲುಪೇಟೆ ಸ್ಟುಡಿಯೋದೋನು ಇದ್ರೊಳಕ್ಕೆ ಹಾಕ್ಕೊಟ್ಟ."

ಸುಧಾಕರನ ಮುಖ ಬಿಳುಚಿತು. ಊರ ಮೇಷ್ಟರೊಬ್ಬರು ತಾವೇ ಬರೆದು ಆಡಿಸಿದ ನಾಟಕ ಅದು. ಇಬ್ಬರಿಗೂ ಆಗ ಮೀಸೆ ಮೂಡುವ ವಯಸ್ಸು. ಮಲ್ಲೇಶ ಮಹಾರಾಜ. ಸುಧಾಕರ್ ಈಟಿ ಹಿಡಿದ ದೂತ. ಮಹಾರಾಜ ದಂಡಯಾತ್ರೆಗೆ ಹೊರಟು, "ಯಾರಲ್ಲಿ! ಸಕಲವೂ ಸಿದ್ಧವೇ?" ಎಂದು ಗುಡುಗಬೇಕು. ದೂತ ಓಡಿಬಂದು, "ಸಕಲವೂ ಸಿದ್ಧ, ಮಹಾಪ್ರಭು!" ಎನ್ನಬೇಕು. ಇಡೀ ನಾಟಕದಲ್ಲಿ ಅವನಿಗಿದ್ದದ್ದು ಇದೊಂದೇ ಮಾತು. ಅದನ್ನು ಎತ್ತುಗಳೆದುರು ಹೇಳಿದ್ದ, ಬೇಲಿಯೆದುರು ಹೇಳಿದ್ದ, ನಿದ್ದೆಯಲ್ಲೂ ಹೇಳಿದ್ದ. ರಂಗದ ಮೇಲೆ ಮಾತ್ರ ಬಾಯಿ ತೆರೆದವನು ತೆರೆದೇ ನಿಂತ! ಜನ ಕೇಕೆ ಹಾಕಿದರು. ದೂತ ಈಟಿ ಬಿಸಾಕಿ ಪರದೆಯ ಹಿಂದೆ ನುಗ್ಗಿ, ಅಲ್ಲಿಂದ ಗದ್ದೆಬದುವಿನ ಮೇಲೆ ಓಡಿ ಸೀದಾ ಮನೆ ಸೇರಿದ್ದ.

"ಅದನ್ನ ಯಾಕ್ಲಾ ತಂದೆ?" ಎಂದ ಸುಧಾಕರ್.

"ನೀ ಓಡೋಗ್ಬುಟ್ಟೆ. ಆಮೇಲೇನಾಯ್ತು ಅಂತ ನಿಂಗೆ ಗೊತ್ತೇ ಇಲ್ಲ."

"ಏನಾಯ್ತು?"

"ಇಷ್ಟು ವರ್ಸ ಹೇಳಿಲ್ಲ, ಈಗ ಹೇಳ್ತೀನಾ? ನೋಡು, ಗೊತ್ತಾಯ್ತದೆ. ಫೋನ್ನಾಗೆ ಬ್ಯಾಡ. ಅದ್ರಾಗೆ ನನ್ನ ಮೀಸೆ ಇರುವೆ ಥರ ಕಾಣ್ತದೆ. ದೊಡ್ಡ ಪರ್ದೆ ಮ್ಯಾಲೆ, ನಿನ್ನ ಪಕ್ಕ ಕುಂತ್ಕಂಡು ನೋಡ್ಬೇಕು. ಆ ಸ್ಟುಡಿಯೋದೋನು ಟಿವಿ ಹಿಂದ್ಕೇ ಚುಚ್ಚಿ ಅಂದ."

"ಹಿಂದಕ್ಕೆ ಚುಚ್ಚೋದಾ!" ಸುಧಾಕರನ ಸ್ವಾಭಿಮಾನ ಸೆಟೆದು ನಿಂತಿತು. "ಮಹಾರಾಜರ ದರ್ಬಾರನ್ನ ಹಾಗೆ ನೋಡಕ್ಕಾಗ್ತದೇನ್ಲಾ? ತಾಳು. ಅದಕ್ಕೊಂದು ವ್ಯವಸ್ಥೆ ಮಾಡ್ತೀನಿ."

ಹೀಗೆ ಹುಟ್ಟಿದ್ದು ಆ ಕಪ್ಪು ಪೆಟ್ಟಿಗೆ. ಸುಧಾಕರ್ ನಾಟಕವನ್ನು ಅದರೊಳಕ್ಕೆ ತುಂಬಿಕೊಂಡು, "ಇನ್ನು ಇದನ್ನ ಅಳಿಸಿ ಮಾದಪ್ಪನ ಹಾಡು ತುಂಬಿಸ್ಕೊ, ಗಾಡಿಲಿ ಕೇಳಕ್ಕಾಯ್ತದೆ" ಎಂದು ಪೆನ್‌ಡ್ರೈವ್ ವಾಪಸು ಕೊಟ್ಟ. ಮಲ್ಲೇಶ ತಲೆಯಾಡಿಸಿ ಜೇಬಿಗಿಳಿಸಿದ.

ಮೊದಲ ಭಾನುವಾರ. ಮಲ್ಲೇಶ ಬಾಗಿಲಲ್ಲೇ ನಿಂತು, ಹೂವಿನ ಚೀಲವನ್ನು ಗದೆಯಂತೆ ಹೆಗಲಿಗೇರಿಸಿ ಗರ್ಜಿಸಿದ. "ಯಾರಲ್ಲಿ! ಸಕಲವೂ ಸಿದ್ಧವೇ?"

"ಬಾ ಬಾ, ಕೂತ್ಕೊ. ಬೆನ್ನು ತಾಗೋದೊಂದೇ ಬಾಕಿ!"

ಬೆನ್ನು ತಾಗಿತು. ಪರದೆಯೂ ಬೆಳಗಿತು. ಅದರ ನಟ್ಟನಡುವೆ ಒಂದು ಚಕ್ರ ತಿರುಗತೊಡಗಿತು. ಯಂತ್ರ ತನ್ನನ್ನು ತಾನು ಹೊಸದು ಮಾಡಿಕೊಳ್ಳುತ್ತಿದೆಯಂತೆ, ಯಾರೂ ಅಡ್ಡಿಪಡಿಸಬಾರದಂತೆ. ಇಬ್ಬರೂ ಚಕ್ರ ನೋಡುತ್ತ ಅವರೆಕಾಳು ಉಸ್ಲಿ ತಿಂದರು. ಕಾಫಿ ಕುಡಿದರು. ಗುಂಡ್ಲುಪೇಟೆಯ ಬಸ್ಸಿಗೆ ಹೊತ್ತಾಯಿತು.

"ಚಕ್ರ ಚೆನ್ನಾಗಿತ್ತು ಕಣ್ಲಾ," ಎಂದು ಮಲ್ಲೇಶ ಎದ್ದ. "ಮುಂದ್ಲ ವಾರ ತೇರು ಬತ್ತದಾ?"

ಸುಧಾಕರನಿಗೆ ಅವಮಾನವಾಯಿತು. ಆವತ್ತಿನಿಂದ ಆ ಯಂತ್ರ ಹೊಸದಾಗಲು "ನಾನು ಒಮ್ಮೆ ಮಲಗಿ ಏಳಲೇ?" ಎಂದು ಫೋನಿಗೆ ಸಂದೇಶ ಕಳಿಸಿ ಕೇಳಿದಾಗಲೆಲ್ಲ ಅವನು 'ಆಮೇಲೆ' ಎಂಬ ಗುಂಡಿ ಒತ್ತತೊಡಗಿದ. ಅದು ದಿನವೂ ಕೇಳುತ್ತಿತ್ತು. ಇವನು ದಿನವೂ ಒತ್ತುತ್ತಿದ್ದ.

ಮುಂದಿನ ಭಾನುವಾರದ ವಿಘ್ನ ಪಕ್ಕದ ಮನೆಯ ಗಂಗಾಂಬಿಕೆಯ ರೂಪದಲ್ಲಿ ಬಂತು. ಹೆಪ್ಪಿಗೆ ಒಂದು ಚಮಚ ಮೊಸರು ಕೇಳಲು ಬಂದಾಕೆ ಸೋಫಾದ ಮೇಲೆ ಕೂತಳು. ಸೋಫಾದ ಮೇಲೆ, ತಂತಿಯಿಲ್ಲದ ಕೀಬೋರ್ಡು ಮೊದಲೇ ಕೂತಿತ್ತು. ಗಂಗಾಂಬಿಕೆ ಘನವಾದ ಹೆಂಗಸು. ಯಾವ ಗುಂಡಿಗಳು ಒಟ್ಟಿಗೆ ಒತ್ತಿದವೋ ದೇವರಿಗೇ ಗೊತ್ತು, ಪರದೆಯ ಮೇಲಿನ ಪ್ರಪಂಚ ಪೂರ್ತಿ ತಲೆಕೆಳಗಾಯಿತು!

ಸುಧಾಕರ್ ಒಂದೊಂದೇ ಗುಂಡಿ ಒತ್ತುತ್ತ ಬೆವರಿದ. ಮಲ್ಲೇಶ ಮಾತ್ರ ನೆಲದ ಮೇಲೆ ಅಂಗಾತ ಮಲಗಿ ಎರಡು ಕಾಲನ್ನೂ ಸೋಫಾಕ್ಕೆ ಆನಿಸಿಕೊಂಡ.

"ಏನ್ಲಾ ಮಾಡ್ತಿದೀಯ?"

"ಹಾಕ್ಲಾ, ಹಾಕು. ಹಿಂಗೇ ನೋಡ್ಬುಡನ. ಮಾರಾಜ ಬಾವಲಿಯಂಗೆ ಕಂಡ್ರೂ ಮಾರಾಜನೇ!"

"ಛೆ! ಅಷ್ಟು ವರ್ಷ ಆದ್ಮೇಲೆ ನೋಡೋದು, ನೆಟ್ಟಗೆ ನೋಡಬೇಡವೇ? ಮುಂದಿನ ಭಾನುವಾರ."

ಅಡುಗೆಮನೆಯಿಂದ ಪವಿತ್ರಳ ಧ್ವನಿ ಬಂತು. "ಮಲ್ಲೇಶಣ್ಣ, ನೀವೇ ಇಲ್ಲಿ ಬಂದು ಆ ನಾಟಕ ಆಡಿ ತೋರಿಸ್ಬಿಡಿ. ಅದೇ ಬೇಗ ಆಗ್ತದೆ."

ಇನ್ನು ಪುಟ್ಟಸಿದ್ದಮ್ಮ. ಆಕೆಯದು ಉರಿಯುವುದನ್ನೆಲ್ಲ ಆರಿಸುತ್ತ ಬೆಳೆದ ಜೀವ. ಒಲೆ ಆಗಲಿ, ಬಲ್ಬು ಆಗಲಿ, ಕೆಲಸ ಮುಗಿದ ಮೇಲೆ ಉರಿಯುತ್ತಿದ್ದರೆ ಆಕೆಯ ಹೊಟ್ಟೆಯೂ ಅದರ ಜೊತೆ ಉರಿಯುತ್ತಿತ್ತು. ದಿನವೂ ಹಾಲಿಗೆ ಬಂದು ಆ ನೀಲಿ ದೀಪ ನೋಡಿ ಸ್ವಿಚ್ಚಿಗೆ ಕೈ ಹಾಕುವಳು. ಕೂಡಲೇ ಯುಪಿಎಸ್ ಕೀಂ ಕೀಂ ಎಂದು ಬಾಯಿ ಬಡಿದುಕೊಳ್ಳುವುದು.

"ಅದ್ಯಾವ್ದೋ ಹಕ್ಕಿ ಡಬ್ಬದೊಳೀಕೆ ಸೇರ್ಕಂಡದೆ ಕಣೋ ಮಗ! ನೀರಾದ್ರೂ ಇಡು ಪಾಪಕ್ಕೆ!"

"ಅವ್ವಾ, ಅದನ್ನ ಆರಿಸಬೇಡ ಅಂತ ಎಷ್ಟು ಸಲ ಹೇಳ್ಲಿ?"

"ಯಾರೂ ನೋಡ್ದೆ ಇದ್ರೂ ಉರೀಬೇಕಾ? ಅದೇನು ನಂದಾದೀಪ್ವಾ?"

"ಹ್ಞೂಂ, ನಂದಾದೀಪ ಅಂತಲೇ ತಿಳ್ಕೋ!" ಎಂದು ಸುಧಾಕರ್ ರೇಗಿ, 'ಆರಿಸಬೇಡಿ' ಎಂದು ದಪ್ಪಕ್ಷರದಲ್ಲಿ ಬರೆದ ಚೀಟಿಯನ್ನು ಸ್ವಿಚ್ಚಿನ ಮೇಲೆ ಅಂಟಿಸಿದ.

ಪುಟ್ಟಸಿದ್ದಮ್ಮನಿಗೆ ಓದು ಬಾರದು. ನಂದಾದೀಪ ಎಂದು ಮಗನೇ ಒಪ್ಪಿಕೊಂಡಿದ್ದಾನೆ, ಮೇಲೆ ಏನೋ ಬರೆದ ಚೀಟಿ ಬೇರೆ ಅಂಟಿಸಿದ್ದಾನೆ ಎಂದ ಮೇಲೆ ಇನ್ನೇನು? ಮರುದಿನದಿಂದ ಚೀಟಿಗೆ ಕುಂಕುಮ, ಡಬ್ಬದ ಮೇಲೊಂದು ಚೆಂಡುಹೂವು! ಮಗ ಕೊನೆಗೂ ದೇವರು ದಿಂಡರು ಅನ್ನತೊಡಗಿದನಲ್ಲ ಎಂದು ಆಕೆ ಗಂಗಾಂಬಿಕೆಯ ಹತ್ತಿರ ಕಣ್ಣೀರು ಒರೆಸಿಕೊಂಡದ್ದೂ ಉಂಟು.

ಹೀಗೆ ವಾರಕ್ಕೊಂದು ವಿಘ್ನ ಎಣಿಸುತ್ತಲೇ ಆಯುಧಪೂಜೆ ಬಂತು. ಮನೆಯ ಸುತ್ತಿಗೆ, ಈಳಿಗೆಮಣೆ, ಸ್ಕೂಟರ್ ಎಲ್ಲಕ್ಕೂ ಪೂಜೆ ಮಾಡಿದ ಪುಟ್ಟಸಿದ್ದಮ್ಮ ಹಾಲಿನ ದೇವರನ್ನು ಮರೆಯುತ್ತಾಳೆಯೇ? ಮಾದಪ್ಪನ ಬೆಟ್ಟದಿಂದ ತಂದಿದ್ದ ವಿಭೂತಿಯನ್ನು ಪೆಟ್ಟಿಗೆಯ ಮುಂದೆ ಧಾರಾಳವಾಗಿ ತೂರಿದಳು. ಉಳಿದ ಆಯುಧಗಳು ಸುಮ್ಮನೆ ಕೂತು ಪೂಜೆ ಮಾಡಿಸಿಕೊಂಡವು. ಈ ಆಯುಧ ಮಾತ್ರ ಸದಾ ಸಿದ್ಧ ತಾನೇ! ಅದರ ಫ್ಯಾನು ಸುರ್ರನೆ ಉಸಿರೆಳೆದು ಪ್ರಸಾದವನ್ನೆಲ್ಲ ಒಳಕ್ಕೆ ಸೇವಿಸಿತು. ಸಂಜೆಯ ಹೊತ್ತಿಗೆ ಪೆಟ್ಟಿಗೆ ಉಬ್ಬಸದ ಮುದುಕನಂತೆ ಏದುಸಿರು ಬಿಡುತ್ತಿತ್ತು.

ಭಾನುವಾರ ಸುಧಾಕರ್ ಪೆಟ್ಟಿಗೆ ಬಿಚ್ಚಿ, ಸೈಕಲ್ ಪಂಪು ತಂದು, ಮುಖ ಹತ್ತಿರ ಹಿಡಿದು ಒಮ್ಮೆ ಜೋರಾಗಿ ಒತ್ತಿದ. ಬುಸ್ಸೆಂದಿತು! ಅದೇ ಹೊತ್ತಿಗೆ ಬಾಗಿಲಲ್ಲಿ ಮಲ್ಲೇಶ.

"ಯಾರಲ್ಲಿ! ಸಕಲವೂ..." ಮಾತು ಅಲ್ಲೇ ನಿಂತಿತು. ಎದುರಿಗೆ ತಲೆಯಿಂದ ಎದೆಯವರೆಗೆ ಬೂದಿ ಬಳಿದುಕೊಂಡು, ಕಣ್ಣೆರಡೇ ಪಿಳಿಪಿಳಿ ಬಿಡುತ್ತ ಕೂತಿರುವ ವ್ಯಕ್ತಿ. "ಏನ್ಲಾ ಸುಧಾಕರ! ಹೇಳ್ದೆ ಕೇಳ್ದೆ ಐನೋರಾಗ್ಬುಟ್ಯಾ?"

ಮಲ್ಲೇಶ ಬಾಗಿಲಿಗೆ ಒರಗಿ ನಕ್ಕ. ನಗುತ್ತ ನಗುತ್ತ ಕೂತ. ಪವಿತ್ರ ಬಂದು ನೋಡಿ ಅವಳೂ ಕೂತಳು. ಪುಟ್ಟಸಿದ್ದಮ್ಮ ಮಾತ್ರ ನಗಲಿಲ್ಲ. ಮಗನ ಹಣೆ ನೋಡಿ ಎರಡೂ ಕೈ ಮುಗಿದಳು.

ನಕ್ಕು ಮುಗಿಸಿದ ಮೇಲೆ ಮಲ್ಲೇಶ ಎದೆ ಒತ್ತಿ ಹಿಡಿದುಕೊಂಡ. "ಏನ್ಲಾ?" ಎಂದ ಸುಧಾಕರ್. "ಏನಿಲ್ಲ ಬುಡು, ನಗಾಡಿ ನಗಾಡಿ ಹಿಡ್ಕಂತು," ಎಂದ. ಸುಧಾಕರ್ ಮತ್ತೆ ಪೆಟ್ಟಿಗೆಯ ಕಡೆ ತಿರುಗಿದ. ಅದರ ಉಸಿರಾಟದ ಚಿಂತೆ ಅವನಿಗೆ.

ದೀಪಾವಳಿ ಕಳೆದ ಭಾನುವಾರ ನಿಜಕ್ಕೂ ಎಲ್ಲ ಸರಿಯಿತ್ತು. ಪೆಟ್ಟಿಗೆ ಗುಣವಾಗಿತ್ತು. ಚಕ್ರ ತಿರುಗಲಿಲ್ಲ. ಕೀಬೋರ್ಡು ಗಂಗಾಂಬಿಕೆಗೆ ಎಟುಕದಂತೆ ಕಪಾಟಿನ ಮೇಲಿತ್ತು. ಒತ್ತಿದರೆ ನಾಟಕ.

"ಸಕಲವೂ ಸಿದ್ಧವೇ?" ಎಂದ ಮಲ್ಲೇಶ. ಆ ದಿನ ಅವನ ಗರ್ಜನೆ ಯಾಕೋ ಸ್ವಲ್ಪ ಮೆತ್ತಗಿತ್ತು.

"ಒಂದೇ ಒಂದು ಬಾಕಿ ಕಣ್ಲಾ. ಹೊಸ ಸ್ಪೀಕರ್ ಹೇಳಿದೀನಿ, ನಾಲ್ಕು. ಎರಡು ಮುಂದೆ, ಎರಡು ಹಿಂದೆ. ನೀನು ಡೈಲಾಗ್ ಹೊಡೆದ್ರೆ ಚಪ್ಪಾಳೆ ಹಿಂದಿಂದ ಬರ್ಬೇಕು!"

"ಚಪ್ಪಾಳೆ ಹಿಂದಿಂದ ಬಂದ್ರೇನು, ಮುಂದಿಂದ ಬಂದ್ರೇನ್ಲಾ? ಇವತ್ತೇ ಹಾಕು. ಸೌಂಡೇ ಬರ್ದಿದ್ರೂ ಪರ್ವಾಗಿಲ್ಲ, ನಾನೇ ಪಕ್ಕದಾಗೆ ಕುಂತು ಹೇಳ್ತೀನಿ."

ರಿಮೋಟು ಸುಧಾಕರನ ಕೈಯಲ್ಲೇ ಇತ್ತು. ಹಾಕಬಹುದಿತ್ತು. ಆದರೆ ಒಳಗೊಳಗೆ ಅಳುಕು. ಬಾಯಿ ತೆರೆದು ನಿಂತ ಆ ದೂತನನ್ನು ಪವಿತ್ರಳ ಮುಂದೆ, ಇಷ್ಟು ದೊಡ್ಡ ಪರದೆಯ ಮೇಲೆ ನೋಡಬೇಕಲ್ಲ! ಸ್ಪೀಕರು ಬರುವವರೆಗೆ ಅದೂ ಒಂದು ವಾರ ಮುಂದೆ ಹೋಗುತ್ತದೆ.

"ಇಷ್ಟು ದಿನ ಕಾದಿದೀಯ. ಇನ್ನೊಂದು ವಾರ."

ಮಲ್ಲೇಶ ಅವನ ಮುಖವನ್ನೇ ನೋಡಿದ. ಆಮೇಲೆ ನಕ್ಕುಬಿಟ್ಟ. "ಆಯ್ತು ಬುಡು. ಮುಂದ್ಲ ಭಾನುವಾರ ದಾನೇಶ್ವರಿನೂ ಕರ್ಕ ಬತ್ತೀನಿ. ನನ್ನ ಮಾರಾಜನ ವೇಸ ಅವ್ಳು ನೋಡೇ ಇಲ್ಲ. ಗಂಡ ಅಂದ್ರೆ ಬರೀ ಹೂವಿನ ವ್ಯಾಪಾರಿ ಅಂದ್ಕಂಡವ್ಳೆ."

ಬಸ್‌ಸ್ಟ್ಯಾಂಡಿಗೆ ಬಿಡಲು ಸುಧಾಕರ್ ಹೋಗಲಿಲ್ಲ. ಸ್ಪೀಕರಿನ ತಂತಿ ಎಲ್ಲಿ ಎಳೆಯುವುದು ಎಂದು ಗೋಡೆ ಅಳೆಯುತ್ತಿದ್ದ.

ಗುರುವಾರ ಬೆಳಿಗ್ಗೆ ಮಲ್ಲೇಶ ಮಂಡಿಯಲ್ಲಿ ಕೇರಳದ ಗಾಡಿಗೆ ಹೂವು ತುಂಬಿಸುತ್ತ ನಿಂತಿದ್ದವನು, ಯಾಕೋ ಸುಸ್ತು ಎಂದು ಒಂದು ಮೂಟೆಯ ಮೇಲೆ ಕೂತ. ಕೂತವನು ಏಳಲಿಲ್ಲ.

ಭೀಮನಬೀಡಿನ ಹೊಲದಲ್ಲಿ ಮಣ್ಣು ಮಾಡಿ ಬಂದ ಸಂಜೆ ಸುಧಾಕರನ ಮನೆ ಬಾಗಿಲಲ್ಲಿ ಸ್ಪೀಕರಿನ ಡಬ್ಬ ಬಂದು ಕೂತಿತ್ತು.

ಅವನು ಅದನ್ನು ಬಿಚ್ಚಲಿಲ್ಲ. ಟಿವಿ ಹಾಕಲಿಲ್ಲ. ಭಾನುವಾರ ಬಂದಾಗ ಸೋಫಾದ ಆ ಮೂಲೆಯಲ್ಲಿ ಕೂತು ನೋಡಿದ. ಏನೂ ವಾಸನೆಯಿರಲಿಲ್ಲ. ಎದುರಿಗೆ ಪೆಟ್ಟಿಗೆಯ ನೀಲಿ ದೀಪ ಉರಿಯುತ್ತಲೇ ಇತ್ತು. ಅದು ಸಿದ್ಧವಾಗಿತ್ತು. "ನಾನು ಒಮ್ಮೆ ಮಲಗಿ ಏಳಲೇ?" ಎಂದು ಈಗಲೂ ಅವನ ಫೋನಿಗೆ ಸಂದೇಶ ಕಳಿಸುತ್ತಿತ್ತು. ಅವನು ನೋಡದೆಯೇ 'ಆಮೇಲೆ' ಒತ್ತುತ್ತಿದ್ದ.

ಮಲ್ಲೇಶನ ಹೆಸರಲ್ಲಿ ನಡೆದ ಶಿವಗಣಾರಾಧನೆಯ ದಿನ, ಬಂದವರೆಲ್ಲ ಊಟ ಮುಗಿಸಿ ಎದ್ದ ಮೇಲೆ, ದಾನೇಶ್ವರಿ ಅವನ ಹತ್ತಿರ ಬಂದಳು. ಕೈಯಲ್ಲಿ ಮಂಡಿಯ ಬೀಗದ ಗೊಂಚಲು. ಗಂಡ ಹೋದಾಗಿನಿಂದ ಆಕೆ ಅದನ್ನು ಕೆಳಗಿಟ್ಟಿರಲಿಲ್ಲ.

"ಅಣ್ಣ, ಆ ನಾಟ್ಕ ನಿಮ್ಮನೇಲಿ ಅದಂತಲ್ಲ. ಆ ಭಾನುವಾರ ಕರ್ಕ ಓಯ್ತೀನಿ ಅಂದಿದ್ರು. ಸೀರೇನೂ ತೆಗ್ದಿಟ್ಟಿದ್ದೆ."

"ಬಾರವ್ವ," ಎಂದ ಸುಧಾಕರ್. "ಭಾನುವಾರ ಬಾ."

ಆ ವಾರ ಅವನು ದೇವರಿಗೆ ನಡೆದುಕೊಳ್ಳುವಂತೆ ಆ ಯಂತ್ರಕ್ಕೆ ನಡೆದುಕೊಂಡ. ನಾಲ್ಕು ಸ್ಪೀಕರು ಜೋಡಿಸಿದ. ಒಳಗಿನ ದೂಳು ತೆಗೆದ. ನಾಟಕ ಇದೆಯೇ ಎಂದು ತೆರೆದು, ಪರದೆ ಏಳುವ ಮುಂಚೆಯೇ ನಿಲ್ಲಿಸಿದ. ಇತ್ತು. ಇರುವುದು ಇದೊಂದೇ ಕಡೆ, ಪೆನ್‌ಡ್ರೈವ್ ಅಳಿಸಲು ತಾನೇ ಹೇಳಿದ್ದೆನಲ್ಲ ಎಂದು ನೆನೆದು ಮತ್ತೊಮ್ಮೆ ತೆರೆದು ನೋಡಿದ. ಆ ಹಳೇ ಕ್ಯಾಸೆಟ್ಟನ್ನು ಸ್ಟುಡಿಯೋದವನು ಬೂಷ್ಟು ಹಿಡಿದಿದೆ ಎಂದು ಎಸೆದಾಗಿತ್ತು.

ಭಾನುವಾರ ದಾನೇಶ್ವರಿ ತನ್ನ ಅತ್ತೆ ಚಿಕ್ಕಮಲ್ಲಮ್ಮನನ್ನು ಕರೆದುಕೊಂಡು ಬಂದಳು. ಮಗನನ್ನು ಕಳೆದುಕೊಂಡ ಚಿಕ್ಕಮಲ್ಲಮ್ಮ ಪುಟ್ಟಸಿದ್ದಮ್ಮನ ಪಕ್ಕ ಕೂತು ಅವಳ ಕೈ ಹಿಡಿದುಕೊಂಡಳು. ದಾನೇಶ್ವರಿ ತೆಗೆದಿಟ್ಟಿದ್ದ ಸೀರೆಯನ್ನು ಉಡದೆ, ಮಾಸಲು ಸೀರೆಯಲ್ಲಿ ಬಂದಿದ್ದಳು. ಸುಧಾಕರ್ ರಿಮೋಟು ಎತ್ತಿ ಒತ್ತಿದ.

ನೀಲಿ ಪರದೆ. ನಡುವೆ ಚಕ್ರ. ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು. ಕನ್ನಡದಲ್ಲಿ ಹೇಳುವುದಾದರೆ, 'ಕೆಲಸ ನಡೆದಿದೆ, ಆರಿಸಬೇಡಿ.'

ಯುಗಾದಿಯಿಂದ ಕೇಳಿ ಕೇಳಿ ಸೋತ ಯಂತ್ರ ಇವತ್ತು ಅವನನ್ನು ಕೇಳಿರಲಿಲ್ಲ!

"ಒಂದು ನಿಮಿಷ," ಎಂದ ಸುಧಾಕರ್. ಚಕ್ರ ತಿರುಗಿತು. ಪವಿತ್ರ ಕಾಫಿ ತಂದಳು. ಚಕ್ರ ತಿರುಗಿತು. ಕಾಫಿ ಮುಗಿಯಿತು. ಅವನು ತಂತಿ ಅಲ್ಲಾಡಿಸಿದ, ಪೆಟ್ಟಿಗೆಯ ಬೆನ್ನು ತಟ್ಟಿದ, ಕೊನೆಗೆ ಅದರ ಮುಂದೆ ಮಂಡಿಯೂರಿ, "ಇವತ್ತೊಂದು ದಿನ ಕಣಪ್ಪಾ," ಎಂದು ಬೇಡಿಕೊಂಡ. ಯಂತ್ರ ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. ಚಕ್ರವೂ ನಿಂತಿತು.

"ದಾನೇಶ್ವರಿ," ಎಂದ, ತಿರುಗಿ ನೋಡದೆ. "ಮುಂದಿನ..."

"ರೀ!" ಎಂದಳು ಪವಿತ್ರ. ಅವಳ ಧ್ವನಿ ಅಷ್ಟು ಗಟ್ಟಿಯಾಗಿ ಬಂದದ್ದನ್ನು ಆ ಮನೆ ಕೇಳಿರಲಿಲ್ಲ. "ಆ ಮಾತು ಇನ್ನೊಂದು ಸಲ ಬಾಯಲ್ಲಿ ಬಂದ್ರೆ ಈ ಡಬ್ಬಾನ ಎತ್ತಿ ಬೀದಿಗೆ ಹಾಕ್ತೀನಿ!"

ಪವಿತ್ರಳ ಕಣ್ಣು ದಾನೇಶ್ವರಿಯ ಮಡಿಲಿನ ಮೇಲೆ ಬಿತ್ತು.

"ಆ ಗೊಂಚಲಲ್ಲಿ ತೂಗಾಡ್ತಿರೋದು ಏನಮ್ಮ?"

ಬೀಗದ ಕೈಗಳ ನಡುವೆ ದಾರ ಕಟ್ಟಿದ ಪೆನ್‌ಡ್ರೈವ್.

"ಇದಾ? ಅವ್ರುದ್ದು. ಭಾನುವಾರ ಬಸ್ಸಿಗೆ ಹೊಲ್ಟಾಗೆಲ್ಲ ಜೇಬು ಮುಟ್ಟಿ ನೋಡ್ಕಳರು. ಸುಧಾಕರ ಎಲ್ಲಾ ಸರಿಮಾಡ್ಕಂಡಿದ್ರೂ ಕಡೇಗಳಿಗೇಲಿ ಏನಾರೂ ಮಾಡ್ಕತಾನೆ, ಇದು ಇರ್ಲಿ ಅನ್ನರು."

"ಅದರಲ್ಲಿ ಬರೀ ಹಾಡವ್ವ," ಎಂದ ಸುಧಾಕರ್. "ಅಳಿಸು ಅಂತ ನಾನೇ..."

ಪವಿತ್ರ ಅವನ ಮಾತು ಮುಗಿಯಲು ಬಿಡಲಿಲ್ಲ. ಗೊಂಚಲು ಸಮೇತ ಇಸಿದುಕೊಂಡು, ಟಿವಿಯನ್ನು ಒಂದು ಕೈಯಲ್ಲಿ ಮುಂದಕ್ಕೆ ವಾಲಿಸಿ, ಹಿಂದೆ ತಡಕಿ, ಚುಚ್ಚಿದಳು.

ಅವಳು ತಿರುಗಿ ಬಂದು ಕೂರುವಷ್ಟರಲ್ಲಿ, ಬೆನ್ನು ಸೋಫಾಕ್ಕೆ ತಾಗುವ ಮುಂಚೆ, ಪರದೆ ಬೆಳಗಿತು.

ಹಾರ್ಮೋನಿಯಂ ಕಿರುಚಿತು. ಬೇಗಡೆ ಕಿರೀಟ, ಕಾಡಿಗೆ ಮೀಸೆ, ಹೆಗಲಿಗೆ ಯಾರದೋ ಮದುವೆಯ ಶಾಲು. ಮಲ್ಲೇಶ ಬಂದ. ತೆಳ್ಳಗಿದ್ದ. ನಡಿಗೆ ಮಾತ್ರ ಅದೇ.

"ಅಯ್ಯೋ ನನ್ನಪ್ಪಾ," ಎಂದಳು ಚಿಕ್ಕಮಲ್ಲಮ್ಮ. "ಆ ಶಾಲು ನಂದು ಕಣೇ ದಾನೇಶ್ವರಿ, ಕದ್ಕೊಂಡೋಗಿದ್ದ!" ದಾನೇಶ್ವರಿ ಬಾಯಿಗೆ ಸೆರಗು ಹಿಡಿದುಕೊಂಡಳು.

"ಯಾರಲ್ಲಿ!" ಎಂದ ಮಹಾರಾಜ. "ಸಕಲವೂ ಸಿದ್ಧವೇ?"

ಈಟಿ ಹಿಡಿದ ಕಡ್ಡಿಯಂಥ ಹುಡುಗ ಓಡಿಬಂದ. ಬಾಯಿ ತೆರೆದ. ತೆರೆದೇ ನಿಂತ. ಕೇಕೆ ಶುರುವಾಯಿತು. ಹುಡುಗ ಈಟಿ ಬಿಸಾಕಿ ಓಡಿದ. ಸುಧಾಕರನಿಗೆ ಗೊತ್ತಿದ್ದ ನಾಟಕ ಇಲ್ಲಿಗೆ ಮುಗಿಯಿತು.

ರಂಗದ ಮೇಲೆ ಮಹಾರಾಜ ಒಬ್ಬನೇ. ಜನ ಸೀಟಿ ಹೊಡೆಯುತ್ತಿದ್ದಾರೆ. ಅವನು ಓಡಿಹೋದವನ ಕಡೆ ಸ್ವಲ್ಪ ಹೊತ್ತು ನೋಡಿದ. ಬಗ್ಗಿ ಬಿದ್ದ ಈಟಿ ಎತ್ತಿಕೊಂಡ. ಆಮೇಲೆ ಜನರ ಕಡೆ ತಿರುಗಿ, ಮೇಷ್ಟರು ಬರೆದ ಗ್ರಂಥಭಾಷೆಯನ್ನೆಲ್ಲ ಅತ್ತ ಇಟ್ಟು, ಭೀಮನಬೀಡಿನ ಬಾಯಲ್ಲೇ ಕೂಗಿದ.

"ನಗ್ಬ್ಯಾಡ್ರಪ್ಪ! ಇವ್ನು ಸಿದ್ಧ ಆಗಗಂಟ ಕಾದ್ರೆ ಯುದ್ಧ ಮುಗ್ದೋಯ್ತದೆ, ನಿಜ. ಆದ್ರೆ ಅಂವ ಇಲ್ದೆ ನಾನೂ ಓಗಾಕಿಲ್ಲ!" ರಂಗದ ಪರದೆಯ ಕಡೆ ಕೈ ಚಾಚಿದ. "ಬಾರ್ಲಾ ಸುಧಾಕರ! ಸಿದ್ಧ ಇಲ್ದಿದ್ರೆ ಬುಡು, ಹಂಗೇ ಹೋಗನ ಬಾ!"

ಜನರ ಚಪ್ಪಾಳೆ ಟಿವಿಯ ಸಣ್ಣ ಬಾಯಿಂದ, ಮುಂದಿನಿಂದಲೇ ಬಂತು. ಚಿತ್ರ ತೆಗೆಯುವವನು ಪರದೆಯ ಕಡೆ ತಿರುಗಿದ. ಅಲ್ಲಿ ಯಾರೂ ಇರಲಿಲ್ಲ. ಮಹಾರಾಜ ಕೈ ಚಾಚಿಕೊಂಡೇ ಇದ್ದ.

ದಾನೇಶ್ವರಿ ನಗುತ್ತಿದ್ದಳು. ಮಲ್ಲೇಶ ಹೋದ ಮೇಲೆ ಮೊದಲ ಸಲ, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ, ಹೊಟ್ಟೆ ಹಿಡಿದುಕೊಂಡು. "ಇನ್ನೊಂದ್ಸಲ ಹಾಕಣ್ಣ."

ಸುಧಾಕರನ ನಾಲಿಗೆ ಅಭ್ಯಾಸಬಲದಿಂದ, "ಕಲರ್ ಒಂಚೂರು..." ಎಂದು ತೊದಲಿತು. ಪವಿತ್ರ ನೋಡಿದಳು. ಅವನು ಸುಮ್ಮನೆ ಒತ್ತಿದ.

"ಆ ಡಬ್ಬ ಈಗ್ಲಾದ್ರೂ ಆರ್ಸ್ಲಾ ಮಗ?" ಎಂದಳು ಪುಟ್ಟಸಿದ್ದಮ್ಮ.

"ಆರಿಸವ್ವ."

ಕುಂಕುಮ ಮೆತ್ತಿದ ಚೀಟಿಗೆ ಕೈ ಮುಗಿದು ಆಕೆ ಸ್ವಿಚ್ಚು ಆರಿಸಿದಳು. ಯುಪಿಎಸ್ ಕೀಂಗುಟ್ಟಿತು. ಅದನ್ನೂ ಆರಿಸಿದಳು. ನೀಲಿ ದೀಪ ನಂದಿತು. ಯುಗಾದಿಯಿಂದ ಆ ಮನೆಯಲ್ಲಿ ಗುಂಯ್‌ಗುಡುತ್ತಿದ್ದ ಫ್ಯಾನಿನ ಸದ್ದು ನಿಂತದ್ದೇ ಟಿವಿಯ ಮಾತು ಇನ್ನೂ ಸ್ಪಷ್ಟವಾಗಿ ಕೇಳಿಸಿತು.

"ಯಾರಲ್ಲಿ! ಸಕಲವೂ ಸಿದ್ಧವೇ?"

ಸೋಫಾದ ಮೇಲಿನ ಸುಧಾಕರ್ ನೆಟ್ಟಗೆ ಕೂತ. ಬಾಯಿ ತೆರೆದ.

"ಹೇಳ್ಲಾ ಮಗ, ಕೇಳ್ತಾವ್ನೆ," ಎಂದಳು ಪುಟ್ಟಸಿದ್ದಮ್ಮ.

ಈ ಸಲವೂ ಮಾತು ಬರಲಿಲ್ಲ.